ವಿಯೆಟ್ನಾಂ, ಫಿಲಿಪ್ಪೀನ್ಸ್: ಬದುಕಿನ ಗುಣಮಟ್ಟ ಹೋಲಿಸಹೊರಟರೆ ಅಂಕಿಗಳು ತಾಳೆಯಾಗುತ್ತಿಲ್ಲ, ಯಾಕೆ?

ಸೊನ್ನೆಸುತ್ತು (ಪ್ರಶ್ನೆ):

ವಿಯೆಟ್ನಾಂ, ಫಿಲಿಪ್ಪೀನ್ಸ್ ಎರಡನ್ನೂ ಪಕ್ಕಪಕ್ಕ ಇಟ್ಟು, ಸಾಮಾನ್ಯ ಜನರ ಬದುಕು ಎಲ್ಲಿ ಹೇಗಿದೆ ಅನ್ನೋದಕ್ಕೆ ಒಂದು ಕೋಷ್ಟಕ ಮಾಡಬೇಕಿದೆ. ಜೋಡಿ ಹೊಂದುವಂಥದ್ದೇ. ಎರಡೂ ಆಗ್ನೇಯ ಏಷ್ಯಾದವು. ಒಂದರ ಜನಸಂಖ್ಯೆ 10 ಕೋಟಿ, ಇನ್ನೊಂದರದು 11 ಕೋಟಿ ದಾಟಿದೆ. 2023ರಲ್ಲಿ ತಲಾ ಜಿಡಿಪಿ ಎರಡೂ ಕಡೆ 4,000 ಡಾಲರಿನ ಆಸುಪಾಸು. ಆದರೆ ಸಾಲುಗಳನ್ನು ತುಂಬುತ್ತಾ ಹೋದರೆ ಒಂದು ಹೇಳಿದ್ದನ್ನು ಇನ್ನೊಂದು ಅಲ್ಲಗಳೆಯುತ್ತದೆ.

ಆಯುಷ್ಯ, ಶಿಕ್ಷಣ, ಆದಾಯ ಮೂರನ್ನೂ ಸೇರಿಸಿ ಅಳೆಯುವ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕದ 2023-24ರ ವರದಿಯಲ್ಲಿ ವಿಯೆಟ್ನಾಂ 107ನೇ ಸ್ಥಾನ, ಫಿಲಿಪ್ಪೀನ್ಸ್ 113. ಮುಂದಿನದು, ಅಂದರೆ 2025ರ ವರದಿಯಲ್ಲಿ ವಿಯೆಟ್ನಾಂ 93ಕ್ಕೆ ಏರಿದೆ, ಫಿಲಿಪ್ಪೀನ್ಸ್ 117ಕ್ಕೆ ಇಳಿದಿದೆ. ಒಂದೇ ವರದಿಯ ಅಂತರದಲ್ಲಿ 14 ಸ್ಥಾನ ಹೇಗೆ ಜಿಗಿಯುತ್ತದೆ?

2023ರ ಬಡತನ ಫಿಲಿಪ್ಪೀನ್ಸಿನಲ್ಲಿ ಶೇ. 15.5, ವಿಯೆಟ್ನಾಂನಲ್ಲಿ ಶೇ. 3.4. ಆದರೆ ಕನಿಷ್ಠ ಕೂಲಿ ನೋಡಿದರೆ ಮೆಟ್ರೊ ಮನಿಲಾದಲ್ಲಿ ದಿನಕ್ಕೆ 695 ಪೆಸೊ (2025ರ ಜುಲೈನಿಂದ), ವಿಯೆಟ್ನಾಂನ ರಾಜಧಾನಿ ಹನೋಯಿ ಬರುವ ಮೊದಲ ವಲಯದಲ್ಲಿ 2025ರಲ್ಲಿ ತಿಂಗಳಿಗೆ 49.6 ಲಕ್ಷ ಡಾಂಗ್ ಇತ್ತು (ಪೆಸೊ ಫಿಲಿಪ್ಪೀನ್ಸಿನ ನಾಣ್ಯ, ಡಾಂಗ್ ವಿಯೆಟ್ನಾಂನದು). ಡಾಲರಿಗೆ ಬದಲಿಸಿದರೆ ಮನಿಲಾದ್ದೇ ಒಂದೂವರೆ ಪಟ್ಟಿಗಿಂತ ಹೆಚ್ಚು. ಹೆಚ್ಚು ಕೂಲಿ ಇರುವ ಕಡೆಯೇ ಬಡವರೂ ಹೆಚ್ಚೇ?

ವಯಸ್ಕರು ಸರಾಸರಿ ಶಾಲೆ ಕಲಿತ ವರ್ಷ: ಫಿಲಿಪ್ಪೀನ್ಸ್ 10.0, ವಿಯೆಟ್ನಾಂ 9.0. ಆದರೆ ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಸುವ ಪಿಸಾ ಪರೀಕ್ಷೆಯ 2022ರ ಗಣಿತದಲ್ಲಿ ಫಿಲಿಪ್ಪೀನ್ಸಿಗೆ 355, ವಿಯೆಟ್ನಾಂಗೆ 469.

ಇವುಗಳಲ್ಲಿ ಯಾವ ಸಾಲು ಉಳಿಸಬೇಕು, ಯಾವುದನ್ನು ಹೊಡೆದುಹಾಕಬೇಕು? ಯಾವುದನ್ನು ತಿದ್ದಿ ಬಳಸಬಹುದು?

ತಕ್ಕಡಿ:

ಮೊದಲು ಸೂಚ್ಯಂಕದ ಜಿಗಿತ. ಅದನ್ನು ಕೈಯಲ್ಲೇ ಬಿಚ್ಚಿ ನೋಡಬಹುದು, ಸೂತ್ರ ಸುಲಭವೇ.

ಆಯುಷ್ಯದ ಅಂಶ: ನಿರೀಕ್ಷಿತ ಆಯುಷ್ಯದಿಂದ 20 ಕಳೆದು 65ರಿಂದ ಭಾಗಿಸಿ. ಶಿಕ್ಷಣದ ಅಂಶ: ವಯಸ್ಕರ ಸರಾಸರಿ ಶಾಲಾ ವರ್ಷವನ್ನು 15ರಿಂದಲೂ, ಮಗುವೊಂದು ಕಲಿಯಬಹುದಾದ ನಿರೀಕ್ಷಿತ ವರ್ಷವನ್ನು 18ರಿಂದಲೂ ಭಾಗಿಸಿ ಎರಡರ ಸರಾಸರಿ ತೆಗೆಯಿರಿ. ಆದಾಯದ ಅಂಶ: ದೇಶದವರು ಒಳಗೂ ಹೊರಗೂ ಗಳಿಸುವ ಆದಾಯದ ಲೆಕ್ಕ, ಅಂದರೆ ತಲಾ ಜಿಎನ್‌ಐಯನ್ನು 100ರಿಂದ ಭಾಗಿಸಿ ಲಾಗ್ ತೆಗೆದು, ಅದನ್ನು 750ರ ಲಾಗ್‌ನಿಂದ ಭಾಗಿಸಿ. ಮೂರನ್ನೂ ಗುಣಿಸಿ ಘನಮೂಲ ತೆಗೆದರೆ ಸೂಚ್ಯಂಕ.

2025ರ ವರದಿಯಲ್ಲಿ ವಿಯೆಟ್ನಾಂನ ಸಂಖ್ಯೆಗಳು: ಆಯುಷ್ಯ 74.6, ನಿರೀಕ್ಷಿತ ಶಾಲಾ ವರ್ಷ 15.5, ಸರಾಸರಿ ಶಾಲಾ ವರ್ಷ 9.0, ತಲಾ ಜಿಎನ್‌ಐ 13,033 ಡಾಲರ್. ಲೆಕ್ಕ ಹಾಕಿದರೆ ವರದಿ ಕೊಡುವ 0.766ರ ಹತ್ತಿರಕ್ಕೇ ಬರುತ್ತದೆ. ಹಿಂದಿನ ವರದಿಯಲ್ಲಿ ಇದೇ ದೇಶದ್ದು 0.726, ಅಲ್ಲಿ ನಿರೀಕ್ಷಿತ ಶಾಲಾ ವರ್ಷ ಬರೀ 13.1. ಈಗ ಹೊಸ ಲೆಕ್ಕದಲ್ಲಿ 15.5 ತೆಗೆದು ಹಳೆಯ 13.1 ಹಾಕಿ ನೋಡಿ. ಉತ್ತರ 0.743ರ ಹತ್ತಿರ ನಿಲ್ಲುತ್ತದೆ. ಅಂದರೆ 0.040ರಷ್ಟು ಏರಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ಸಂಖ್ಯೆಯಿಂದ ಬಂದದ್ದು. ಒಂದೇ ವರ್ಷದಲ್ಲಿ ಮಕ್ಕಳು ಎರಡೂವರೆ ವರ್ಷ ಹೆಚ್ಚು ಕಲಿಯುವಂತಾಗಲಿಲ್ಲ, ದತ್ತಾಂಶ ಪರಿಷ್ಕರಣೆಯಾಯಿತು ಅಷ್ಟೆ. ಆದಾಯದ ಏರಿಕೆಯಲ್ಲೂ ಒಂದು ಪಾಲು ಹೀಗೇ ಬಂದದ್ದು: ಹಳೆಯ ವರದಿ 2017ರ ಪಿಪಿಪಿ ಡಾಲರ್ (ದೇಶದೇಶದ ಬೆಲೆಗಳ ವ್ಯತ್ಯಾಸ ಸರಿದೂಗಿಸಿದ ಡಾಲರ್) ಬಳಸಿತ್ತು, ಹೊಸದು 2021ರದ್ದು.

ಫಿಲಿಪ್ಪೀನ್ಸಿನ ಕಥೆ ಉಲ್ಟಾ. ಅದರ ಆಯುಷ್ಯ ಹಳೆಯ ವರದಿಯಲ್ಲಿ 72.2 ಇದ್ದದ್ದು ಹೊಸದರಲ್ಲಿ 69.8. ಜನ ಇದ್ದಕ್ಕಿದ್ದಂತೆ ಬೇಗ ಸಾಯತೊಡಗಲಿಲ್ಲ, ವಿಶ್ವಸಂಸ್ಥೆ ತನ್ನ ಜನಸಂಖ್ಯಾ ಅಂದಾಜನ್ನು 2024ರಲ್ಲಿ ಪರಿಷ್ಕರಿಸಿತು. 72.2 ಹಾಗೇ ಉಳಿದಿದ್ದರೆ ಸೂಚ್ಯಂಕ 0.720ರ ಬದಲು 0.731 ಆಗುತ್ತಿತ್ತು.

ಆದ್ದರಿಂದ ಬೇರೆಬೇರೆ ವರ್ಷದ ವರದಿಗಳ ಸ್ಥಾನಗಳನ್ನು ಒಂದರ ಪಕ್ಕ ಒಂದು ಬರೆಯಲೇಬೇಡಿ. ಬದಲಾವಣೆ ತೋರಿಸಬೇಕಿದ್ದರೆ ಒಂದೇ ವರದಿಯ ಎರಡನೇ ಕೋಷ್ಟಕ ತೆಗೆಯಿರಿ. ಅದರಲ್ಲಿ 1990ರಿಂದ ಈಚಿನ ಆಯ್ದ ವರ್ಷಗಳನ್ನು ಹೊಸ ದತ್ತಾಂಶದಲ್ಲೇ ಮತ್ತೆ ಲೆಕ್ಕ ಹಾಕಿರುತ್ತಾರೆ. ತಲಾ ಜಿಡಿಪಿಗೂ ಇದೇ ಎಚ್ಚರ ಬೇಕು. ವಿಯೆಟ್ನಾಂ 2019ರಲ್ಲಿ ತನ್ನ 2010–17ರ ಜಿಡಿಪಿಯನ್ನು ಸರಾಸರಿ ಶೇ. 25ರಷ್ಟು ಮೇಲಕ್ಕೆ ಪರಿಷ್ಕರಿಸಿತು. ಹಳೆಯ ಲೇಖನದಿಂದ 2015ರ ಸಂಖ್ಯೆ ಎತ್ತಿ ಇಂದಿನದರ ಜೊತೆ ಇಟ್ಟರೆ ಇಲ್ಲದ ಬೆಳವಣಿಗೆ ಕಾಣುತ್ತದೆ.

ಇನ್ನು ಬಡತನ. ನಿಮ್ಮ 15.5, 3.4 ಎರಡೂ ಸರಿಯಾದ ಸಂಖ್ಯೆಗಳೇ. ಆದರೆ ಅಳೆದ ಸೇರು ಬೇರೆ ಬೇರೆ.

ಫಿಲಿಪ್ಪೀನ್ಸಿನದು ಬರೀ ಆದಾಯದ ರೇಖೆ. 2023ರಲ್ಲಿ ಐವರ ಕುಟುಂಬಕ್ಕೆ ತಿಂಗಳಿಗೆ 13,873 ಪೆಸೊ, ತಲೆಗೆ ಸುಮಾರು 2,775. ಆಗಿನ ವಿನಿಮಯ ದರದಲ್ಲಿ 50 ಡಾಲರ್. ವಿಯೆಟ್ನಾಂನ 2021–25ರ ರೇಖೆ ತಲೆಗೆ ತಿಂಗಳಿಗೆ ಹಳ್ಳಿಯಲ್ಲಿ 15 ಲಕ್ಷ ಡಾಂಗ್, ಪಟ್ಟಣದಲ್ಲಿ 20 ಲಕ್ಷ. ಅಂದರೆ ಸುಮಾರು 63 ಮತ್ತು 84 ಡಾಲರ್. ಇಷ್ಟೇ ನೋಡಿದರೆ ವಿಯೆಟ್ನಾಂನ ರೇಖೆಯೇ ಎತ್ತರ. ಆದರೆ ಅಲ್ಲಿ ಎರಡನೇ ಷರತ್ತೊಂದಿದೆ: ಆದಾಯ ಕಡಿಮೆ ಇದ್ದರಷ್ಟೇ ಸಾಲದು, ಉದ್ಯೋಗ, ಪೌಷ್ಟಿಕತೆ, ಆರೋಗ್ಯ ವಿಮೆ, ಮನೆಯ ಗಟ್ಟಿತನ, ಕುಡಿಯುವ ನೀರು, ಶೌಚಾಲಯ, ದೂರಸಂಪರ್ಕ ಮುಂತಾದ 12 ಮಾನದಂಡಗಳಲ್ಲಿ ಕನಿಷ್ಠ ಮೂರರ ಕೊರತೆಯೂ ಇರಬೇಕು. ಆಗಷ್ಟೇ ಬಡ ಕುಟುಂಬ. ಕೊರತೆ ಮೂರಕ್ಕಿಂತ ಕಡಿಮೆ ಇದ್ದರೆ ‘ಬಡತನದ ಅಂಚಿನವರು’ ಎಂಬ ಬೇರೆ ಪಟ್ಟಿಗೆ ಹೋಗುತ್ತಾರೆ, ನಿಮ್ಮ 3.4ರಲ್ಲಿ ಅವರು ಸೇರುವುದಿಲ್ಲ.

ಎರಡನ್ನೂ ಹೊಡೆದುಹಾಕಿ ವಿಶ್ವಬ್ಯಾಂಕಿನ ಸಮಾನ ರೇಖೆ ಬಳಸಿ. 2025ರ ಜೂನ್‌ನಿಂದ ಅವು 2021ರ ಪಿಪಿಪಿಯಲ್ಲಿ ದಿನಕ್ಕೆ 3.00, 4.20, 8.30 ಡಾಲರ್. ಇಂಥ ದೇಶಗಳಿಗೆ 3.00ರ ರೇಖೆ ತೀರಾ ಕೆಳಗಾಯಿತು, 4.20 ಮತ್ತು 8.30 ಎರಡನ್ನೂ ತೆಗೆದುಕೊಳ್ಳಿ. ಒಂದೇ ಸೇರಿನಲ್ಲಿ ಅಳೆದರೂ ವಿಯೆಟ್ನಾಂನಲ್ಲಿ ಬಡತನ ಕಡಿಮೆಯೇ, ಅದರಲ್ಲಿ ಅನುಮಾನವಿಲ್ಲ. ಹಳೆಯ ರೇಖೆಗಳ (2.15, 3.65, 6.85) ಸಂಖ್ಯೆಗಳು ಇನ್ನೂ ಎಲ್ಲೆಡೆ ಓಡಾಡುತ್ತಿವೆ, ಬೆರೆಸಬೇಡಿ. ಅಸಮಾನತೆ ಅಳೆಯುವ ಗಿನಿ ಅನುಪಾತದ ಸಾಲು ಹಾಕುವುದಾದರೆ ಆದಾಯದ ಗಿನಿಯೋ ಖರ್ಚಿನ ಗಿನಿಯೋ ನೋಡಿಕೊಳ್ಳಿ. ಖರ್ಚಿನದು ಸಾಮಾನ್ಯವಾಗಿ ಸ್ವಲ್ಪ ಕಡಿಮೆ ತೋರಿಸುತ್ತದೆ.

ದಿನಸಿಚೀಟಿ:

ಕೂಲಿಯ ಒಗಟು ನನ್ನ ಪಾಲಿಗಿರಲಿ.

ಮೊದಲು ಘಟಕ ಒಂದು ಮಾಡಿ. ಮನಿಲಾದ್ದು ದಿನಗೂಲಿ, ವಿಯೆಟ್ನಾಂನದು ತಿಂಗಳ ಕೂಲಿ. ದಿನಗೂಲಿಯನ್ನು 30ರಿಂದ ಗುಣಿಸುವುದು ಎಲ್ಲರೂ ಮಾಡುವ ತಪ್ಪು. ವಾರಕ್ಕೆ ಆರು ದಿನದ ಕೆಲಸಕ್ಕೆ ಫಿಲಿಪ್ಪೀನ್ಸಿನ ಕಾರ್ಮಿಕ ಇಲಾಖೆಯ ಲೆಕ್ಕ ವರ್ಷಕ್ಕೆ 313 ದಿನ, ತಿಂಗಳಿಗೆ ಸುಮಾರು 26. 695 × 26 = 18,070 ಪೆಸೊ, ಡಾಲರಿಗೆ 57ರಂತೆ 317 ಡಾಲರ್. 49.6 ಲಕ್ಷ ಡಾಂಗ್, ಡಾಲರಿಗೆ 26,000ದಂತೆ 191 ಡಾಲರ್. ಅದರ ಮೇಲೆ ಫಿಲಿಪ್ಪೀನ್ಸಿನಲ್ಲಿ 13ನೇ ತಿಂಗಳ ಸಂಬಳ ಕಾನೂನಿನಲ್ಲೇ ಕಡ್ಡಾಯ, 1975ರಿಂದಲೂ ಇದೆ. ವಿಯೆಟ್ನಾಂನಲ್ಲಿ ಹೊಸವರ್ಷದ ತೆತ್ ಹಬ್ಬದ ಬೋನಸ್ ರೂಢಿ, ಕಡ್ಡಾಯವಲ್ಲ. ಹಾಗಾಗಿ ಕಾಗದದ ಮೇಲೆ ಮನಿಲಾ ಇನ್ನೂ ಮುಂದೆ.

ಬರೀ ಕಾಗದದ ಮೇಲೆ. ಕನಿಷ್ಠ ಕೂಲಿ ಅನ್ನೋದು ಎರಡೂ ಕಡೆ ಒಂದೇ ವಸ್ತುವಲ್ಲ. ವಿಯೆಟ್ನಾಂನಲ್ಲಿ ಅದು ನೆಲ, ಹೆಚ್ಚಿನವರು ಅದರ ಮೇಲೇ ಇರುತ್ತಾರೆ. 2024ರಲ್ಲಿ ದುಡಿಯುವವರ ಸರಾಸರಿ ಮಾಸಿಕ ಆದಾಯ 77 ಲಕ್ಷ ಡಾಂಗ್, ಇದರಲ್ಲಿ ಅಸಂಘಟಿತ ವಲಯದವರೂ ಸೇರಿದ್ದಾರೆ. ಮನಿಲಾದಲ್ಲಿ ಕನಿಷ್ಠ ಕೂಲಿಯೇ ಎಷ್ಟೋ ಜನರಿಗೆ ಚಾವಣಿ. 15 ಅಥವಾ ಅದಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿ, ಸೇವಾ ಘಟಕಗಳಿಗೆ, 10ಕ್ಕಿಂತ ಕಡಿಮೆ ಇರುವ ತಯಾರಿಕಾ ಘಟಕಗಳಿಗೆ ದರ 695 ಅಲ್ಲ, 658. ನೋಂದಾಯಿತ ಅತಿಸಣ್ಣ ಉದ್ದಿಮೆಗಳಿಗೆ ಕನಿಷ್ಠ ಕೂಲಿ ಕಾನೂನೇ ಅನ್ವಯಿಸುವುದಿಲ್ಲ. ತ್ರೈಸಿಕಲ್ ಓಡಿಸುವವರು, ಗೂಡಂಗಡಿಯವರು, ಮನೆಗೆಲಸದವರು ಹೇಗೂ ಈ ದರದ ಹೊರಗೆ.

ಪ್ರದೇಶದ ಅಂತರವನ್ನೂ ನೋಡಿ. 2024ರಲ್ಲಿ ಮನಿಲಾದಲ್ಲಿ 645 ಇದ್ದಾಗ ಮಿಂದನಾವೊದ ಬಾಂಗ್ಸಮೋರೋ ಪ್ರದೇಶದಲ್ಲಿ 361ರ ಆಸುಪಾಸು, ಅಂದರೆ ಸುಮಾರು 1.8 ಪಟ್ಟು ಅಂತರ. ಆಗ ವಿಯೆಟ್ನಾಂನ ನಾಲ್ಕು ಕೂಲಿ ವಲಯಗಳಲ್ಲಿ ಮೊದಲನೆಯದಕ್ಕೆ 49.6 ಲಕ್ಷ, ಕೊನೆಯದಕ್ಕೆ 34.5 ಲಕ್ಷ, ಅಂತರ 1.44 ಪಟ್ಟು. ರಾಜಧಾನಿಯ ಕೂಲಿ ಹಿಡಿದು ದೇಶ ಅಳೆದರೆ ಫಿಲಿಪ್ಪೀನ್ಸಿಗೆ ಹೆಚ್ಚು ಅಂಕ ಕೊಟ್ಟಂತಾಗುತ್ತದೆ.

ಖರ್ಚಿನ ಕಡೆಗೆ ಎರಡೇ ಸಾಲು ಸಾಕು: ಕರೆಂಟು, ಅಕ್ಕಿ.

ಕರೆಂಟು: ತಿಂಗಳಿಗೆ 200 ಯೂನಿಟ್ ಹಿಡಿಯಿರಿ. ವಿಯೆಟ್ನಾಂನಲ್ಲಿ ಗೃಹಬಳಕೆಗೆ 2025ರಲ್ಲಿ ಆರು ಹಂತವಿತ್ತು. 2025ರ ಮೇ ತಿಂಗಳ ದರದಲ್ಲಿ ಮೊದಲ 50ಕ್ಕೆ ತಲಾ 1,984 ಡಾಂಗ್, ಮುಂದಿನ 50ಕ್ಕೆ 2,050, ಆಮೇಲಿನ 100ಕ್ಕೆ 2,380. ಒಟ್ಟು 4,39,700, ತೆರಿಗೆ ಸೇರಿ 4.75 ಲಕ್ಷದ ಆಸುಪಾಸು, ಸುಮಾರು 18 ಡಾಲರ್. ಮನಿಲಾದಲ್ಲಿ ಆಗ ವಿದ್ಯುತ್ ಕಂಪನಿ ಮೆರಾಲ್ಕೊದ ದರ ಯೂನಿಟ್‌ಗೆ 12–13 ಪೆಸೊ, ಬಿಲ್ಲು ಸುಮಾರು 2,500 ಪೆಸೊ, 44 ಡಾಲರ್. ಕನಿಷ್ಠ ಕೂಲಿಯಲ್ಲಿ ಇದರ ಪಾಲು ವಿಯೆಟ್ನಾಂನಲ್ಲಿ ಶೇ. 9.6, ಮನಿಲಾದಲ್ಲಿ ಶೇ. 14ರಷ್ಟು. ಯಾಕಿಷ್ಟು ವ್ಯತ್ಯಾಸ ಅಂದರೆ, ಫಿಲಿಪ್ಪೀನ್ಸ್ 2001ರ ಕಾನೂನಿನಿಂದ ವಿದ್ಯುತ್ ಉತ್ಪಾದನೆಯನ್ನು ಖಾಸಗಿಗೆ ಬಿಟ್ಟಿತು, ಆಮದು ಕಲ್ಲಿದ್ದಲಿನ ಬೆಲೆ ಏರಿಳಿದರೆ ಅದು ನೇರ ಗ್ರಾಹಕರ ಬಿಲ್ಲಿಗೇ ಬರುತ್ತದೆ. ವಿಯೆಟ್ನಾಂನಲ್ಲಿ ಸರ್ಕಾರಿ ಸ್ವಾಮ್ಯದ ವಿದ್ಯುತ್ ಕಂಪನಿ ಇವಿಎನ್ ದರ ಹಿಡಿದಿಟ್ಟು 2022, 2023ರಲ್ಲಿ ನಷ್ಟ ತಿಂದಿತು. ಅಗ್ಗದ ಬಿಲ್ಲಿನ ಇನ್ನೊಂದು ಮುಖ 2023ರ ಮೇ–ಜೂನ್‌ನಲ್ಲಿ ಉತ್ತರ ವಿಯೆಟ್ನಾಂ ಕಂಡ ಲೋಡ್‌ಶೆಡ್ಡಿಂಗ್. ಬೆಲೆಯ ಪಕ್ಕದಲ್ಲಿ ಕರೆಂಟು ಹೋದ ಗಂಟೆಗಳ ಸಾಲೂ ಇರಲಿ.

ಅಕ್ಕಿ ತಮಾಷೆಯ ವಿಷಯ, ಯಾಕೆಂದರೆ ಎರಡೂ ಕಡೆ ಎಷ್ಟೋ ಸಲ ಅದೇ ಅಕ್ಕಿ. ಜಗತ್ತಿನಲ್ಲಿ ಅತಿ ಹೆಚ್ಚು ಅಕ್ಕಿ ಆಮದು ಮಾಡಿಕೊಳ್ಳುವ ದೇಶ ಫಿಲಿಪ್ಪೀನ್ಸ್, ಅದರ ದೊಡ್ಡ ಪಾಲು ವಿಯೆಟ್ನಾಂನಿಂದಲೇ ಬರುತ್ತದೆ. ಹಡಗು, ಸುಂಕ, ದಲ್ಲಾಳಿಗಳನ್ನೆಲ್ಲ ದಾಟಿ ಮನಿಲಾದ ಅಂಗಡಿ ತಲುಪುವ ಹೊತ್ತಿಗೆ ಬೆಲೆ ಏರಿರುತ್ತದೆ. 2024ರ ಮಾರ್ಚ್‌ನಲ್ಲಿ ಅಲ್ಲಿ ಅಕ್ಕಿಯ ಹಣದುಬ್ಬರ ಶೇ. 24.4 ಮುಟ್ಟಿತ್ತು. ಆ ಜುಲೈನಲ್ಲಿ ಆಮದು ಸುಂಕವನ್ನು ಶೇ. 35ರಿಂದ 15ಕ್ಕೆ ಇಳಿಸಿದರು. ಬಡ ಮನೆಯ ಖರ್ಚಿನಲ್ಲಿ ಅಕ್ಕಿಯ ಪಾಲು ದೊಡ್ಡದು, ಹಾಗಾಗಿ ಸಾಮಾನ್ಯ ಹಣದುಬ್ಬರ ಶೇ. 4 ಇದ್ದಾಗಲೂ ಅವರ ಮಟ್ಟಿಗೆ ಅದು ಬೇರೆಯೇ ಸಂಖ್ಯೆ. ಫಿಲಿಪ್ಪೀನ್ಸಿನ ಸಂಖ್ಯಾಶಾಸ್ತ್ರ ಪ್ರಾಧಿಕಾರ ಕೆಳಗಿನ ಶೇ. 30 ಕುಟುಂಬಗಳಿಗೆಂದೇ ಪ್ರತ್ಯೇಕ ಬೆಲೆ ಸೂಚ್ಯಂಕ ಹೊರಡಿಸುತ್ತದೆ, ಅದನ್ನೇ ಬಳಸಿ.

ರಜೆಯ ಸಾಲು ಮರೆಯಬೇಡಿ. ವಾರಕ್ಕೆ 48 ಗಂಟೆ ಎರಡೂ ಕಡೆ ಮಿತಿ. ಆದರೆ ವಾರ್ಷಿಕ ರಜೆ ವಿಯೆಟ್ನಾಂನಲ್ಲಿ ಕನಿಷ್ಠ 12 ದಿನ, ಫಿಲಿಪ್ಪೀನ್ಸಿನಲ್ಲಿ ಕಾನೂನು ಕೊಡುವುದು ವರ್ಷಕ್ಕೆ ಐದೇ ದಿನ. ಹೆರಿಗೆ ರಜೆ 2025ರಲ್ಲಿ ವಿಯೆಟ್ನಾಂನಲ್ಲಿ ಆರು ತಿಂಗಳಿತ್ತು, ಫಿಲಿಪ್ಪೀನ್ಸಿನಲ್ಲಿ 2019ರಿಂದ 105 ದಿನ.

ಕರಿಹಲಗೆ:

ಶಾಲೆಯ ವಿಷಯಕ್ಕೆ ಬರೋಣ. ವಿಶ್ವಬ್ಯಾಂಕಿನ 2020ರ ಮಾನವ ಬಂಡವಾಳ ಸೂಚ್ಯಂಕದಲ್ಲಿ ಎರಡೂ ದೇಶಗಳ ಮಗುವಿಗೆ ನಿರೀಕ್ಷಿತ ಶಾಲಾ ವರ್ಷ ಒಂದೇ: 12.9. ಸಮೀಕರಿಸಿದ ಪರೀಕ್ಷಾ ಅಂಕ ವಿಯೆಟ್ನಾಂಗೆ 519, ಫಿಲಿಪ್ಪೀನ್ಸಿಗೆ 362. ಅಂಕವನ್ನು 625ರಿಂದ ಭಾಗಿಸಿ ವರ್ಷದಿಂದ ಗುಣಿಸಿದರೆ ‘ಕಲಿಕೆಗೆ ಹೊಂದಿಸಿದ ವರ್ಷ’ ಸಿಗುತ್ತದೆ: 10.7 ಮತ್ತು 7.5. ಬೆಂಚಿನ ಮೇಲೆ ಕೂತ ಅವಧಿ ಒಂದೇ, ತಲೆಗೆ ಹತ್ತಿದ್ದು ಮೂರು ವರ್ಷ ಕಡಿಮೆ. ಶಾಲಾ ವರ್ಷಗಳ ಸಾಲು ತೆಗೆದು ಇದನ್ನು ಹಾಕಿ.

ಪಿಸಾ ಬಳಸುವುದಾದರೆ ಒಂದು ಆಕ್ಷೇಪ ಬಂದೇ ಬರುತ್ತದೆ: ವಿಯೆಟ್ನಾಂನ ಮಾದರಿ 15 ವರ್ಷದ ಮಕ್ಕಳಲ್ಲಿ ಶೇ. 68ರಷ್ಟನ್ನು ಮಾತ್ರ ಪ್ರತಿನಿಧಿಸುತ್ತದೆ, ಫಿಲಿಪ್ಪೀನ್ಸಿನದು ಶೇ. 83. ಶಾಲೆ ಬಿಟ್ಟವರನ್ನು ಕೈಬಿಟ್ಟರೆ ಅಂಕ ಏರುವುದು ಸಹಜ ತಾನೆ? ಉತ್ತರ ಲೆಕ್ಕದಲ್ಲೇ ಇದೆ. ಗಣಿತದಲ್ಲಿ ಕನಿಷ್ಠ ಮಟ್ಟವಾದ ಎರಡನೇ ಹಂತ ಮುಟ್ಟಿದವರು ವಿಯೆಟ್ನಾಂನಲ್ಲಿ ಶೇ. 72, ಫಿಲಿಪ್ಪೀನ್ಸಿನಲ್ಲಿ ಶೇ. 16. ಮಾದರಿಯ ಹೊರಗಿರುವ ಎಲ್ಲ ಮಕ್ಕಳೂ ನಪಾಸು ಎಂದೇ ಹಿಡಿಯಿರಿ. 0.68 × 72 = 49, 0.83 × 16 = 13. ವಿಯೆಟ್ನಾಂನ ಮೇಲೆ ಹೀಗೆ ಅತಿ ಕಠಿಣವಾಗಿ ಲೆಕ್ಕ ಹಾಕಿದರೂ ಅಂತರ ಮುಚ್ಚುವುದಿಲ್ಲ. ಈ ತಿದ್ದಿದ ಸಂಖ್ಯೆಯನ್ನೇ ಕೋಷ್ಟಕದಲ್ಲಿ ಇಟ್ಟರೆ ಜಗಳ ಅಲ್ಲಿಗೇ ಮುಗಿಯುತ್ತದೆ. 2018ರ ಸಾಲು ಬೇಡ, ಆ ವರ್ಷ ವಿಯೆಟ್ನಾಂನ ಅಂಕಗಳು ಹೋಲಿಕೆಗೆ ಒಗ್ಗುವುದಿಲ್ಲವೆಂದು ಪಟ್ಟಿಯಿಂದಲೇ ಹೊರಗಿಟ್ಟಿದ್ದರು.

ಕಾರಣಗಳಲ್ಲಿ ಒಂದನ್ನು ಬಹಳ ಜನ ಬಿಡುತ್ತಾರೆ: ಭಾಷೆ. ವಿಯೆಟ್ನಾಂನ ಬಹುಪಾಲು ಮಕ್ಕಳು ಮನೆಮಾತಿನಲ್ಲೇ ಓದಿ ಅದರಲ್ಲೇ ಪರೀಕ್ಷೆ ಬರೆಯುತ್ತಾರೆ. ಫಿಲಿಪ್ಪೀನ್ಸಿನ ಮಕ್ಕಳು ಪಿಸಾ ಬರೆಯುವುದು ಇಂಗ್ಲಿಷಿನಲ್ಲಿ, ಹೆಚ್ಚಿನವರ ಮನೆಯಲ್ಲಿ ಆಡದ ಭಾಷೆಯಲ್ಲಿ. ಮೊದಲ ತರಗತಿಗಳಿಗೆ ಮನೆಮಾತು ಕಡ್ಡಾಯ ಮಾಡಿದ್ದ ನಿಯಮವನ್ನೂ 2024ರ ಅಕ್ಟೋಬರ್‌ನಲ್ಲಿ ಕಾನೂನು ತಂದು ಕೈಬಿಟ್ಟರು. ಅದರ ಜೊತೆಗೆ ಸುಮಾರು 1,65,000 ತರಗತಿ ಕೋಣೆಗಳ ಕೊರತೆ, ಪಾಳಿಯಲ್ಲಿ ನಡೆಯುವ ಶಾಲೆಗಳು. ಇನ್ನೂ ಹಿಂದೆ ಹೋದರೆ ಹೊಟ್ಟೆಯ ಪ್ರಶ್ನೆ: ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಫಿಲಿಪ್ಪೀನ್ಸಿನಲ್ಲಿ ಶೇ. 26.7 (2021), ವಿಯೆಟ್ನಾಂನಲ್ಲಿ ಶೇ. 19.6 (2020). ಇವು ಎಳೆತನದಲ್ಲೇ ಬಿದ್ದ ಪೆಟ್ಟುಗಳು, ಮೇಷ್ಟ್ರನ್ನು ಬೈದು ಉಪಯೋಗವಿಲ್ಲ.

ಹಾಗಂತ ವಿಯೆಟ್ನಾಂನ ಶಾಲೆಯ ಅಂಕವೆಲ್ಲ ಶಾಲೆಯದ್ದೇ ಅಲ್ಲ. ಮನೆಪಾಠದ ಖರ್ಚು ಅದರಲ್ಲಿ ಅಡಗಿದೆ. ಮೇಷ್ಟ್ರು ತಮ್ಮದೇ ತರಗತಿಯ ಮಕ್ಕಳಿಗೆ ಹಣ ಪಡೆದು ಪಾಠ ಹೇಳುವುದನ್ನು 2025ರ ಫೆಬ್ರವರಿ 14ರಿಂದ ನಿಷೇಧಿಸಬೇಕಾಗಿ ಬಂತು. ಕಾಲೇಜಿನ ಹಂತದಲ್ಲಿ ಚಿತ್ರ ತಿರುಗುತ್ತದೆ: ಫಿಲಿಪ್ಪೀನ್ಸಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ 2017ರ ಕಾನೂನಿನಿಂದ ಬೋಧನಾ ಶುಲ್ಕವೇ ಇಲ್ಲ, ವಿಯೆಟ್ನಾಂನಲ್ಲಿ ಕಟ್ಟಬೇಕು.

ಗಾಳಿಪಟ:

ಎಲ್ಲರೂ ವಿಯೆಟ್ನಾಂ ಕಡೆಗೇ ವಾಲುತ್ತಿದ್ದೀರಿ. ಮೂರು ಸಾಲು ಸೇರಿಸಿ ನೋಡಿ.

ಗಾಳಿ: 2024ರಲ್ಲಿ ಗಾಳಿಯ ಅತಿಸೂಕ್ಷ್ಮ ಕಣಗಳ (ಪಿಎಂ 2.5) ವಾರ್ಷಿಕ ಸರಾಸರಿ, ಗಾಳಿಯ ಗುಣಮಟ್ಟ ಅಳೆಯುವ ಐಕ್ಯೂಏರ್ ಕಂಪನಿಯ ಲೆಕ್ಕದಲ್ಲಿ, ಘನ ಮೀಟರಿಗೆ ವಿಯೆಟ್ನಾಂ 28.7 ಮೈಕ್ರೊಗ್ರಾಂ, ಫಿಲಿಪ್ಪೀನ್ಸ್ 14.8. ಹನೋಯಿ ಒಂದೇ 45.4. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 5.

ಮಾತು: ರಾಜಕೀಯ ಹಕ್ಕು, ಸ್ವಾತಂತ್ರ್ಯಗಳನ್ನು ಅಳೆಯುವ ಸಂಸ್ಥೆ ಫ್ರೀಡಂ ಹೌಸ್‌ನ 2025ರ ವರದಿಯಲ್ಲಿ ನೂರಕ್ಕೆ ವಿಯೆಟ್ನಾಂ 20, ಫಿಲಿಪ್ಪೀನ್ಸ್ 58. ವಿಯೆಟ್ನಾಂನಲ್ಲಿ ಒಂದೇ ಪಕ್ಷ, ಕಾರ್ಮಿಕ ಸಂಘವೂ ಸರ್ಕಾರಿ ಒಕ್ಕೂಟದ ಅಡಿಯಲ್ಲೇ. ಫಿಲಿಪ್ಪೀನ್ಸಿನಲ್ಲಿ ಚುನಾವಣೆ, ಪತ್ರಿಕೆ ಇವೆ. ಆದರೆ ಮಾದಕವಸ್ತು ವಿರೋಧಿ ಕಾರ್ಯಾಚರಣೆಯಲ್ಲಿ ಪೊಲೀಸರ ಅಧಿಕೃತ ಲೆಕ್ಕದಲ್ಲೇ 6,000ಕ್ಕೂ ಹೆಚ್ಚು ಜನ ಸತ್ತರು. ಆಗಿನ ಅಧ್ಯಕ್ಷ ಡುಟೆರ್ಟೆಯನ್ನು 2025ರ ಮಾರ್ಚ್‌ನಲ್ಲಿ ಬಂಧಿಸಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸಿದರು. ಹಾಗಾಗಿ ಈ ಸಾಲಿಗೆ ಒಂದೇ ಸಂಖ್ಯೆ ಸಾಲದು, ‘ಮಾತಾಡುವ ಹಕ್ಕು’, ‘ಜೀವದ ಭದ್ರತೆ’ ಅಂತ ಎರಡು ಮಾಡಿ.

ದಾರಿಯ ಸಮಯ: ಸಂಚಾರದ ದತ್ತಾಂಶ ಕೊಡುವ ಕಂಪನಿ ಟಾಮ್‌ಟಾಮ್‌ನ 2023ರ ಲೆಕ್ಕದಲ್ಲಿ ಮೆಟ್ರೊ ಮನಿಲಾದಲ್ಲಿ 10 ಕಿ.ಮೀ.ಗೆ 25 ನಿಮಿಷ 30 ಸೆಕೆಂಡ್, ಮಹಾನಗರ ಪ್ರದೇಶಗಳಲ್ಲಿ ಜಗತ್ತಿಗೇ ನಿಧಾನ. ಇಲ್ಲಿ ವಿಯೆಟ್ನಾಂ ಗೆಲ್ಲುತ್ತದೆ, ಬೈಕುಗಳ ದಯೆ. ಅದೇ ಬೈಕಿನ ಹೊಗೆ ಮೇಲಿನ ಗಾಳಿಯ ಸಾಲಿನಲ್ಲೂ ಒಂದಿಷ್ಟಿದೆ.

ತಕ್ಕಡಿ:

@ಗಾಳಿಪಟ ಒಪ್ಪಿದೆ, ಒಂದು ತಿದ್ದುಪಡಿಯೊಂದಿಗೆ. ಹನೋಯಿಯ ವಾರ್ಷಿಕ ಸರಾಸರಿಯನ್ನು ಹೋ ಚಿ ಮಿನ್ಹ್ ನಗರದವರಿಗೆ ಹಚ್ಚಬೇಡಿ. ಉತ್ತರದಲ್ಲಿ ಚಳಿಗಾಲಕ್ಕೆ ಬೆಚ್ಚನೆಯ ಗಾಳಿಯ ಪದರ ಮೇಲೆ ಕೂತು ಕೊಳಕನ್ನು ಕೆಳಗೇ ಒತ್ತಿಹಿಡಿಯುತ್ತದೆ, ದಕ್ಷಿಣದಲ್ಲಿ ಆ ತೊಂದರೆ ಅಷ್ಟಿಲ್ಲ. ಋತುವಾರು, ಊರುವಾರು ಕೊಡುವುದೇ ಸರಿ. ಫಿಲಿಪ್ಪೀನ್ಸಿಗೆ ಬಿರುಗಾಳಿಯ ಸಾಲೂ ಬೇಕು. ವರ್ಷಕ್ಕೆ ಸುಮಾರು 20 ಚಂಡಮಾರುತ ಅದರ ವ್ಯಾಪ್ತಿಗೆ ಬರುತ್ತವೆ. 2013ರ ಹೈಯಾನ್ ಒಂದೇ 6,000ಕ್ಕೂ ಹೆಚ್ಚು ಜನರನ್ನು ಕೊಂದಿತು. ಮತ್ತೆಮತ್ತೆ ಮನೆ ಕಟ್ಟಿಕೊಳ್ಳುವ ಖರ್ಚು ಯಾವ ವಾರ್ಷಿಕ ಸರಾಸರಿಯಲ್ಲೂ ಕಾಣುವುದಿಲ್ಲ.

ಸೊನ್ನೆಸುತ್ತು:

ಬಹಳ ಉಪಯೋಗವಾಯಿತು. ಇನ್ನೆರಡು ಅನುಮಾನ ಉಳಿದಿವೆ. ಆರೋಗ್ಯ ವಿಮೆ ವಿಯೆಟ್ನಾಂನಲ್ಲಿ 2023ರಲ್ಲಿ ಶೇ. 93 ಜನರಿಗೆ ಇತ್ತು, ಫಿಲಿಪ್ಪೀನ್ಸಿನಲ್ಲಿ 2019ರ ಕಾನೂನಿನಂತೆ ಎಲ್ಲರಿಗೂ. ಹಾಗಿದ್ದರೆ ಫಿಲಿಪ್ಪೀನ್ಸಿಗೇ ಹೆಚ್ಚು ಅಂಕ ಕೊಡಬೇಕಲ್ಲವೇ? ಮತ್ತೆ ಹೊರದೇಶದಿಂದ ಬರುವ ಹಣವನ್ನು ಎಲ್ಲಿ ತೋರಿಸುವುದು?

ದಿನಸಿಚೀಟಿ:

ವಿಮೆ ಎಷ್ಟು ಜನರ ಹೆಸರಿನಲ್ಲಿದೆ ಅನ್ನೋದಲ್ಲ, ಬಿಲ್ಲಿನಲ್ಲಿ ಎಷ್ಟು ಪಾಲು ಕಟ್ಟುತ್ತದೆ ಅನ್ನೋದನ್ನು ನೋಡಬೇಕು.

ವಿಯೆಟ್ನಾಂನದು ಶೇಕಡಾವಾರು ಪದ್ಧತಿ. ಹೆಸರು ನೋಂದಾಯಿಸಿದ ಆಸ್ಪತ್ರೆಗೆ ಹೋದರೆ 2025ರಲ್ಲಿ ಸಾಮಾನ್ಯ ಸದಸ್ಯರಿಗೆ ಪಟ್ಟಿಯಲ್ಲಿರುವ ಖರ್ಚಿನ ಶೇ. 80, ಬಡತನದ ಅಂಚಿನವರಿಗೆ ಮತ್ತು ಪಿಂಚಣಿದಾರರಿಗೆ 95, ಬಡವರಿಗೂ ಆರು ವರ್ಷದೊಳಗಿನ ಮಕ್ಕಳಿಗೂ 100 ಕಟ್ಟುತ್ತಿತ್ತು. ದಾರಿ ತಪ್ಪಿಸಿ ನೇರ ದೊಡ್ಡಾಸ್ಪತ್ರೆಗೆ ಹೋದರೆ ಪಾಲು ಕುಸಿಯುತ್ತದೆ. ಕೆಡುವುದು ಎಲ್ಲಿ? ಔಷಧ ಖರೀದಿಯ ನಿಯಮಗಳು ಸಿಕ್ಕಿಹಾಕಿಕೊಂಡು 2022–23ರಲ್ಲಿ ಆಸ್ಪತ್ರೆಗಳಲ್ಲಿ ಮದ್ದೇ ಇರಲಿಲ್ಲ. ವಿಮೆ ಇದ್ದವರೂ ಹೊರಗಿನಿಂದ ಪೂರ್ತಿ ದುಡ್ಡು ಕೊಟ್ಟು ತಂದರು. ಹಾಗೆ ತಂದದ್ದನ್ನು ಕೆಲವು ಷರತ್ತುಗಳ ಮೇಲೆ ವಾಪಸು ಕೊಡುವ ನಿಯಮ 2025ರ ಜನವರಿಯಿಂದ ಬಂತು. ಡಾಕ್ಟರಿಗೆ, ನರ್ಸಿಗೆ ಲಕೋಟೆಯಲ್ಲಿ ಕೊಡುವ ದುಡ್ಡು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಫಿಲ್‌ಹೆಲ್ತ್‌ನದು (ಫಿಲಿಪ್ಪೀನ್ಸಿನ ಸರ್ಕಾರಿ ಆರೋಗ್ಯ ವಿಮೆ) ಕಾಯಿಲೆಗೆ ಇಷ್ಟು ಎಂದು ಗೊತ್ತುಮಾಡಿದ ಮೊತ್ತ. ಬಿಲ್ಲು ಅದನ್ನು ಮೀರಿದರೆ ಉಳಿದದ್ದೆಲ್ಲ ರೋಗಿಯ ಮೇಲೆ. ಈ ಮೊತ್ತಗಳು ವರ್ಷಗಟ್ಟಲೆ ಹಾಗೇ ನಿಂತಿದ್ದವು. 2024ರಲ್ಲಿ ಶೇ. 30, 2025ರ ಆರಂಭದಲ್ಲಿ ಶೇ. 50 ಏರಿಸಿದರು. ಆರೋಗ್ಯ ಇಲಾಖೆಯ ಆಸ್ಪತ್ರೆಗಳ ಸಾಮಾನ್ಯ ವಾರ್ಡಿನಲ್ಲಿ ರೋಗಿ ಏನೂ ಕಟ್ಟಬೇಕಿಲ್ಲ ಎಂದು 2025ರ ಜುಲೈನಲ್ಲಿ ಘೋಷಿಸಿದರು. ಆದರೆ ಪ್ರಾಂತ್ಯ, ಪಟ್ಟಣಗಳ ಸ್ಥಳೀಯ ಸರ್ಕಾರಗಳು ನಡೆಸುವ ಆಸ್ಪತ್ರೆಗಳು ಆ ಘೋಷಣೆಯಲ್ಲಿ ಸೇರಿರಲಿಲ್ಲ, ಹಳ್ಳಿಯವರಿಗೆ ಹತ್ತಿರ ಇರುವುದು ಅವೇ.

ಕಂತು ಹೋಲಿಸುವಾಗ ಇನ್ನೊಂದು ಬಲೆ ಇದೆ. ವಿಯೆಟ್ನಾಂನಲ್ಲಿ ಸಂಬಳವಿಲ್ಲದ ಕುಟುಂಬ ತಲೆಗಿಷ್ಟು ಎಂದು ಕಟ್ಟುತ್ತದೆ. ಮೊದಲನೆಯವರಿಗೆ, 2025ರಲ್ಲಿ ಸರ್ಕಾರ ಗೊತ್ತುಮಾಡಿದ್ದ ಮೂಲ ಸಂಬಳ 23.4 ಲಕ್ಷ ಡಾಂಗ್‌ನ ಶೇ. 4.5, ಅಂದರೆ ವರ್ಷಕ್ಕೆ 12,63,600. ಎರಡನೆಯವರಿಗೆ ಅದರ ಶೇ. 70, ಆಮೇಲೆ 60, 50, ಐದನೆಯವರಿಂದ 40. ಐವರು ವಯಸ್ಕರಿದ್ದರೆ ಒಟ್ಟು 3.2 ಪಾಲು, 40,43,520 ಡಾಂಗ್, ಸುಮಾರು 155 ಡಾಲರ್. ಫಿಲಿಪ್ಪೀನ್ಸಿನಲ್ಲಿ ಸ್ವಂತ ಕಟ್ಟುವವರಿಗೆ ಕನಿಷ್ಠ ತಿಂಗಳಿಗೆ 500, ವರ್ಷಕ್ಕೆ 6,000 ಪೆಸೊ, ಸುಮಾರು 105 ಡಾಲರ್. ಅದರಲ್ಲೇ ಗಂಡ ಅಥವಾ ಹೆಂಡತಿ, 21 ತುಂಬದ ಮಕ್ಕಳು ಅವಲಂಬಿತರಾಗಿ ಬರುತ್ತಾರೆ. ತಲೆಯ ಕಂತನ್ನು ಮನೆಯ ಕಂತಿನ ಪಕ್ಕ ಬರೆದರೆ ಕೋಷ್ಟಕ ಸುಳ್ಳು ಹೇಳುತ್ತದೆ.

ತಕ್ಕಡಿ:

ಹೊರದೇಶದ ಹಣ: ಫಿಲಿಪ್ಪೀನ್ಸಿಗೆ 2024ರಲ್ಲಿ ಬಂದದ್ದು 38.3 ಶತಕೋಟಿ ಡಾಲರ್, ಜಿಡಿಪಿಯ ಶೇ. 8ಕ್ಕೂ ಹೆಚ್ಚು. ಅದಕ್ಕೇ ತಲಾ ಜಿಡಿಪಿ ಬದಲು ತಲಾ ಜಿಎನ್‌ಐ ಹಾಕಬೇಕು. ಹೊರಗೆ ದುಡಿಯುವವರ ಗಳಿಕೆಯನ್ನು ಅಲ್ಲಿನ ಸಂಖ್ಯಾಶಾಸ್ತ್ರದವರು ಜಿಎನ್‌ಐಗೆ ಸೇರಿಸುತ್ತಾರೆ, ಹಾಗಾಗಿ ಅದು ಜಿಡಿಪಿಗಿಂತ ಮೇಲೆ. ವಿಯೆಟ್ನಾಂನಲ್ಲಿ ತಿರುಗಾಮುರುಗಾ. ರಫ್ತಿನ ಹತ್ತರಲ್ಲಿ ಏಳು ಪಾಲು ವಿದೇಶಿ ಕಂಪನಿಗಳದ್ದು, ಅವುಗಳ ಲಾಭ ಹೊರಗೆ ಹೋಗುತ್ತದೆ, ಜಿಎನ್‌ಐ ಜಿಡಿಪಿಗಿಂತ ಕೆಳಗೆ. ಜಿಡಿಪಿಯಲ್ಲಿ ಕಾಣುವ ಅಂತರ ಜಿಎನ್‌ಐಯಲ್ಲಿ ಕಿರಿದಾಗುತ್ತದೆ. ಆದರೆ ಆ ಹಣದ ಬೆಲೆಯನ್ನೂ ಒಂದು ಸಾಲಿನಲ್ಲಿ ಬರೆಯಿರಿ: 2023ರಲ್ಲಿ 21.6 ಲಕ್ಷ ಫಿಲಿಪಿನೊಗಳು ಹೊರದೇಶದಲ್ಲಿ ದುಡಿಯುತ್ತಿದ್ದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಅಮ್ಮ ಇಲ್ಲದ ಮನೆಗೆ ಬರುವ ಡಾಲರು ಜಿಎನ್‌ಐಯಲ್ಲಿ ಬರೀ ಡಾಲರೇ.

ಪ್ರಾಂತ್ಯವಾರು ನಕ್ಷೆ ಮಾಡುವ ಯೋಚನೆ ಇದ್ದರೆ ಈಗಲೇ ಗಡಿಗಳನ್ನು ಸರಿಮಾಡಿಕೊಳ್ಳಿ. ವಿಯೆಟ್ನಾಂ 2025ರ ಜುಲೈ 1ರಿಂದ 63 ಪ್ರಾಂತ್ಯಗಳನ್ನು ಕೂಡಿಸಿ 34 ಮಾಡಿದೆ. ಹೊಸ ಹೋ ಚಿ ಮಿನ್ಹ್ ನಗರದಲ್ಲಿ ಬಿನ್ಹ್ ಜುವಾಂಗ್, ಬಾ ರಿಯಾ–ವುಂಗ್ ತಾವ್ ಕೂಡ ಸೇರಿವೆ. ಫಿಲಿಪ್ಪೀನ್ಸಿನಲ್ಲಿ 2024ರ ಜೂನ್‌ನಲ್ಲಿ ನೆಗ್ರೋಸ್ ದ್ವೀಪ ಪ್ರದೇಶ ಹೊಸದಾಗಿ ಹುಟ್ಟಿತು, ಆ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸುಲು ಪ್ರಾಂತ್ಯವನ್ನು ಬಾಂಗ್ಸಮೋರೋದಿಂದ ಹೊರಗಿಟ್ಟಿತು. 2023ರ ದತ್ತಾಂಶವನ್ನು ಇಂದಿನ ನಕ್ಷೆಯ ಕಡತಕ್ಕೆ ಹಾಗೇ ಜೋಡಿಸಿದರೆ ಕೂಡಿಹೋದ ಹಳೆಯ ಪ್ರಾಂತ್ಯಗಳ ಸಂಖ್ಯೆಗಳಿಗೆ ನಕ್ಷೆಯಲ್ಲಿ ಜಾಗವೇ ಸಿಗುವುದಿಲ್ಲ. 63ರ ಹಳೆಯ ನಕ್ಷೆಯನ್ನೇ ಇಟ್ಟುಕೊಂಡು ಮೇಲೆ ವರ್ಷ ನಮೂದಿಸಿ.